ಕಾಕಾನ ಕಂಪ್ಯೂಟರಿನಲ್ಲಿ ಬಳಗದ ಎಲುಬುಗಳು

ನಮ್ಮ ಕಾಕಾನಿಗೆ ಜನರ ಮುಖಕ್ಕಿಂತ ಅವರ ಎಲುಬುಗಳ ಪರಿಚಯ ಹೆಚ್ಚು! ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ನಮಸ್ಕಾರ ಅಂದರೆ ಹೆಸರು ನೆನಪಾಗದೆ ತಡವರಿಸುತ್ತಾನೆ, ಆಮೇಲೆ ಕೆಳಗೆ ನೋಡಿ, "ಎಡಗಾಲ ಮೊಣಕಾಲ ಅಲ್ಲೇನ್ರಿ ನೀವು?" ಎನ್ನುತ್ತಾನೆ.

ಕಾಗದ ಕಾರ್ಖಾನೆಯಿಂದ ನಿವೃತ್ತರಾದವರು ಪೂಜೆ ಹಿಡಿಯುತ್ತಾರೆ, ಇಸ್ಪೀಟು ಹಿಡಿಯುತ್ತಾರೆ. ಇವನು ಎಕ್ಸ್‌ರೇ ಹಿಡಿದ. ಹಳಿಯಾಳದಿಂದ ಮುಂಡಗೋಡದ ತನಕ ಇರುವ ಬಳಗದ ಎಕ್ಸ್‌ರೇ, ಸ್ಕ್ಯಾನು ಎಲ್ಲ ತರಿಸಿ ಕಂಪ್ಯೂಟರಿಗೆ ಏರಿಸಿದ. ನನ್ನ ಹೆಂಡತಿಯದೂ ಬಿಡಲಿಲ್ಲ. ಮದುವೆಗೆ ಹೋದರೂ ಊಟಕ್ಕಿಂತ ಮೊದಲು ಬೀಗರ ಬೆನ್ನೆಲುಬು ಕೇಳುತ್ತಿದ್ದ!

ಇರಲಿ. ಆದರೆ ಹೆಸರು, ವಯಸ್ಸು, ರೋಗ-ಬ್ಯಾನಿ ಬರೆದಿಡುವ ಡೇಟಾಬೇಸಿನ ಹೊಟ್ಟೆಯೊಳಗೇ ಅಷ್ಟು ದೊಡ್ಡ ಸ್ಕ್ಯಾನುಗಳನ್ನೂ ತುರುಕಿದ್ದ. ಒಂದು ಹೆಸರು ಒತ್ತಿ, ಚಹಾ ಕುಡಿದು, ಎಲಿ-ಅಡಿಕಿ ಹಾಕಿ ಬಂದರೂ ಯಂತ್ರ ಇನ್ನೂ ಗುರುಗುಟ್ಟುತ್ತಿತ್ತು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಹಳಿಯಾಳದಲ್ಲಿ ಸ್ವಂತ ದುಡಿಮೆಯಿಂದ ಟ್ರ್ಯಾಕ್ಟರ್ ಗ್ಯಾರೇಜು ನಿಲ್ಲಿಸಿದವನು. ಯಾವ ಸಾಮಾನು ಎಲ್ಲಿರಬೇಕೆಂದು ನನಗೆ ಯಾರೂ ಕಲಿಸಬೇಕಿಲ್ಲ. ಹೇಳಿಯೇಬಿಟ್ಟೆ: "ಕಾಕಾ, ಹೆಸರಷ್ಟ ಡೇಟಾಬೇಸಿನ್ಯಾಗ ಇಡು. ಚಿತ್ರ ಬ್ಯಾರೆ ಫೋಲ್ಡರಿಗೆ ಹಾಕಿ, ಎಲ್ಲೈತಿ ಅಂತ ಬರಕೋ. ನಾ ಏನ್ ಟ್ರ್ಯಾಕ್ಟರ್ ಒಯ್ದು ಬಿಲ್ ಬುಕ್ಕಿನ್ಯಾಗ ಇಡತೇನೇನು? ನಂಬರ್ ಬರೀತೇನಿ, ಗಾಡಿ ಅಂಗಳದಾಗ ನಿಂತಿರತೈತಿ."

"ಅಂಗಳದಾಗಿಂದ ಯಾರರ ಹೊಡಕೊಂಡ ಹೋದ್ರ? ನಂಬರ್ ಕಟ್ಟಿ ಹೊಲಾ ಉಳತೀ ಏನು?"

ಹಾಗೆ ಅಂದನಾದರೂ ಕೊನೆಗೆ ಸೋತ. ಚಿತ್ರಗಳು ಫೋಲ್ಡರಿಗೆ ಹೋದವು. ಕಂಪ್ಯೂಟರ್ ಎಣ್ಣೆ ಬಿಟ್ಟ ಗಾಲಿಯಂತೆ ಓಡಿತು. ನಾನು ಕಾಲರ್ ಏರಿಸಿಕೊಂಡು ತಿರುಗಿದೆ.

ಅಷ್ಟರಲ್ಲಿ ಮಹಾನವಮಿ ಬಂತು. ಕಾಕಾನ ಹೆಂಡತಿ, ನಮ್ಮ ಕಾಕು, ಹಬ್ಬದ ಮುಂದೆ ಮನೆ ತೊಳೆಯಲು ನಿಂತಳೆಂದರೆ ಹೊದೆಯುವ ಕೌದಿ ಹೊಳೆಗೆ, ಡಬ್ಬಿ ಬಿಸಿಲಿಗೆ. ಆ ಸಲ ಕಂಪ್ಯೂಟರಿನೊಳಗೂ ಕೈ ಹಾಕಿದಳು! ಮೊಣಕಾಲೆಲ್ಲ ಒಂದು ಕಡೆ, ಬೆನ್ನೆಲ್ಲ ಒಂದು ಕಡೆ; ಏನೆಂದು ತಿಳಿಯದ್ದು ಕಸದ ಬುಟ್ಟಿಗೆ. ಬುಟ್ಟಿ ತುಂಬಿತೆಂದು ಅದನ್ನೂ ಖಾಲಿ ಮಾಡಿ ಕೈ ತೊಳೆದುಕೊಂಡಳು. ಬರೆದಿಟ್ಟ ಜಾಗದಲ್ಲಿ ಒಂದು ಚಿತ್ರವೂ ಇಲ್ಲ; ಡೇಟಾಬೇಸಿನಲ್ಲಿ ಈಗ ಬರೀ ಹೆಸರು. ಒತ್ತಿದರೆ ತಟ್ಟನೆ 'ಇಲ್ಲ' ಎನ್ನುತ್ತಿತ್ತು. ನಾವು ಹೊಟ್ಟೆ ಹಿಡಿದು ನಕ್ಕೆವು.

ನನ್ನ ನಗೆ ಆ ವಾರವೇ ನಿಂತಿತು. ಹೆಂಡತಿಗೆ ಕೆಮ್ಮು. ಹುಬ್ಬಳ್ಳಿಯ ಡಾಕ್ಟರು ಸ್ಕ್ಯಾನ್ ಮಾಡಿಸಿ, ಶ್ವಾಸಕೋಶದಲ್ಲಿ ಚುಕ್ಕೆ ಕಾಣುತ್ತಿದೆ, ಹಿಂದೆ ನ್ಯುಮೋನಿಯಾ ಆದಾಗಿನ ಸ್ಕ್ಯಾನಿನಲ್ಲೂ ಇಷ್ಟೇ ಇದ್ದರೆ ಭಯವಿಲ್ಲ, ಇಲ್ಲದಿದ್ದರೆ ಸೂಜಿ ಹಾಕಿ ತುಣುಕು ತೆಗೆದು ನೋಡಬೇಕು ಎಂದರು. ಆ ಹಳೆಯ ಸಿ.ಡಿ. ಎಲ್ಲಿತ್ತು? ಸಾಂಬ್ರಾಣಿ ಊರಿನ ನಮ್ಮ ಹೊಲದಲ್ಲಿ! ಹೊಳೆಯುತ್ತದಲ್ಲ, ಗಿಳಿ ಓಡಿಸಲು ಹೆಂಡತಿಯೇ ಕಟ್ಟಿದ್ದಳು. ಬಿಸಿಲಿಗೆ ಸುಲಿದುಹೋಗಿತ್ತು. ಕಾಕಾನ ಹತ್ತಿರವಿದ್ದದ್ದು ಕಾಕುವಿನ ಕಸದಲ್ಲಿ ಹೋಯಿತೆಂದೇ ತಿಳಿದೆ.

ಆದರೂ ಹೋಗಿ ನಿಂತೆ. ಕಾಕಾ ಅವಳ ಹೆಸರು ಒತ್ತಿದ. 'ಇಲ್ಲ' ಬರಲಿಲ್ಲ. ಯಂತ್ರ ಗುರುಗುಟ್ಟಿತು. ತಡವಾದಷ್ಟೂ ನನ್ನ ಎದೆ ಹಗುರಾಯಿತು: ಒಳಗೆ ಏನೋ ಇದೆ! ಬಿಳಿ ಪಕ್ಕೆಲುಬುಗಳು ಒಂದೊಂದಾಗಿ ಮೂಡಿದವು.

ಹುಬ್ಬಳ್ಳಿಗೆ ಒಯ್ದು ತೋರಿಸಿದೆವು. ಚುಕ್ಕೆ ಅಲ್ಲೇ ಇತ್ತು, ಅಷ್ಟೇ ಇತ್ತು. ಹಳೆಯ ಕಲೆ, ಸೂಜಿ ಬೇಡ ಎಂದರು ಡಾಕ್ಟರು. ಹೆಂಡತಿ ಹುಬ್ಬಳ್ಳಿ ಸ್ಟ್ಯಾಂಡಿನಲ್ಲೇ ಎರಡು ಪ್ಲೇಟು ಗಿರ್ಮಿಟ್ ತಿಂದಳು.

ಮರಳಿ ಬಂದು, ಎಲ್ಲರದೂ ಹೊರಗೆ ಹಾಕಿದ್ದೆಯಲ್ಲ, ಇದು ಹೇಗೆ ಉಳಿಯಿತೆಂದು ಕಾಕಾನನ್ನು ಕೇಳಿದೆ.

"ಮಂದೀದೆಲ್ಲ ಹಾಕಿದ್ನೋ," ಅಂದ, ತಲೆ ಎತ್ತದೆ. "ನಮ್ಮ ಸೊಸೀದು ಹೊರಗ ಇಡಾಕ ಮನಸ ಬರಲಿಲ್ಲ."