ಕೆಂಪು ಪೈಪಿನ ಹೊಗೆ

ಹೊಗೆ ಸೇದುವವರು ನಮ್ಮ ಅಂಗಡಿ ಮೆಟ್ಟಿಲು ಹತ್ತಿದರೆ ಏನಾದರೊಂದು ಆಗದೆ ಇಳಿಯುವುದಿಲ್ಲ.

ನಾನು ಮದ್ದೂರಿನಲ್ಲಿ ಮರ ಕಡೆಯುವವನು. ಬುಗುರಿ, ಗಿಲಕಿ, ತೊಟ್ಟಿಲ ಗುಂಡು. ತಿರುಗಣೆಯಲ್ಲಿ ಮರ ತಿರುಗುವಾಗಲೇ ಬಣ್ಣದ ಅರಗು ಒತ್ತಿದರೆ ಬಿಸಿಗೆ ಕರಗಿ ಹಿಡಿಯುತ್ತದೆ. ಅಷ್ಟೇ ನನ್ನ ವಿದ್ಯೆ. ತಿರುಗಣೆಯ ಹಗ್ಗ ಎಳೆಯುತ್ತಿದ್ದವಳು ನನ್ನ ಹೆಂಡತಿ. ನನಗೆ ಮಾತು ಕಮ್ಮಿ. ಅವಳಿಗೆ ಇಬ್ಬರಿಗಾಗುವಷ್ಟಿತ್ತು. ಈಗ ಅವಳಿಲ್ಲ. ಇದ್ದಿದ್ದರೆ ಇದನ್ನೆಲ್ಲ ಅವಳೇ ಹೇಳುತ್ತಿದ್ದಳು.

ಮೀಸೆ ಹಿಡಿದ ಪೈಪು

ಯುದ್ಧದ ಕಾಲ. ಗಿಲಕಿ ಕೇಳುವವರಿಲ್ಲ. ಒಂದು ದಿನ ಮಂಡ್ಯದ ಕಡೆಯಿಂದ ಓವರ್‌ಸಿಯರ್ ಒಬ್ಬರು ರೈಲಿಳಿದು ಬಂದರು. ಅವರ ಸೀಮೆ ಪೈಪು ಒಡೆದಿತ್ತು. ಹಡಗು ಬರುತ್ತಿರಲಿಲ್ಲ, ಹೊಸದು ಸಿಗುತ್ತಿರಲಿಲ್ಲ.

"ಇಂಥದ್ದೊಂದು ಮಾಡಿಕೊಡಿ. ಸರಿ ಬಂದ್ರೆ ನಮ್ಮ ಆಫೀಸಿನವರಿಗೆಲ್ಲ ಬೇಕು."

ಹುಣಸೆ ಮರದ ಗಟ್ಟಿ ಚೇಗಿನಲ್ಲಿ ಕಡೆದೆ. ಬಟ್ಟಲಿಂದ ಬಾಯಿಗಿಡುವ ತುದಿವರೆಗೆ ಕೆಂಪು ಅರಗು.

"ಬಾಯ್ಗಿಡೋ ಕಡೀಕ್ ಯಾಕ್ ಬಣ್ಣ? ಮದ್ಲಗಿತ್ತಿ ಕೈಬೆಳ್ಳಾ ಅದು?" ಅಂದಳು ಹೆಂಡತಿ. ನಾನು ಕೇಳಲಿಲ್ಲ.

ಅರಗು ಬಿಸಿಗೆ ಹಿಡಿಯುತ್ತದೆ, ಬಿಸಿಗೇ ಬಿಡುತ್ತದೆ. ಓವರ್‌ಸಿಯರ್ ಎಳೆದೂ ಎಳೆದೂ ತುದಿ ಮೆತ್ತಗಾಯಿತು. ತುಟಿ ಕೆಂಪು, ಮೀಸೆ ಕೆಂಪು. ಮುಂದಿನ ವಾರ ಪೈಪು ಹಿಡಿದು ಅವರೇ ವಾಪಸ್ಸು ಬಂದರು.

"ದೊಡ್ಡ ಸಾಹೇಬರು ಕರೆದು ಬುದ್ಧಿ ಹೇಳಿದ್ರು ಕಣ್ರೀ. ಕೆಲಸದ ಹೊತ್ತಲ್ಲಿ ಎಲೆಅಡಿಕೆ ಹಾಕ್ಬೇಡ, ಹಾಕಿದ್ರೂ ಮೀಸೆಗೆ ತಿನ್ನಿಸ್ಬೇಡ ಅಂತ!"

ಇನ್ನೊಂದು ಮಾಡಲು ಹೇಳಿ ಹೋದರು. ಪುಣ್ಯ.

ಅರಗುವ ಪೈಪು

ಅಷ್ಟರಲ್ಲಿ ಪೈಪಿನ ಸುದ್ದಿ ಮಳವಳ್ಳಿ ದಾಟಿತ್ತು. ಬೆಳಕವಾಡಿಯ ಯಜಮಾನರೊಬ್ಬರು ಬಸ್ಸು ಹತ್ತಿ ಬಂದರು. ಹೊಟ್ಟೆ ಸವರಿಕೊಂಡು ಕೂತರು.

"ಅರಗಿನ ಪೈಪು ಮಾಡೀಯಂತಲ್ಲಪ್ಪ?"

"ಹೂಂ."

"ಊಟಕ್ ಮುಂಚೆ ಸೇದ್ಬೇಕೋ, ಉಂಡ್ಮೇಕೋ?"

"ಯಾವಾಗಾದ್ರೂ ಸೇದಿ."

"ಮುದ್ದೆ ಅರಗ್ತದಾ?"

ಆಗ ತಿಳಿಯಿತು. ನಾನು ಮರಕ್ಕೆ ಹಚ್ಚುವ ಅರಗು ಅಂತಿದ್ದೇನೆ, ಅವರು ಹೊಟ್ಟೆಯಲ್ಲಿ ಅರಗುವುದು ಅಂತಿದ್ದಾರೆ. ನಾನು ಬಾಯಿ ತೆಗೆಯುವುದರೊಳಗೆ ಹೆಂಡತಿ ಅಂದಳು:

"ಅರಗ್ತದೆ ಯಜಮಾನ್ರೆ. ನಿಮ್ಮೂರ್ಗಂಟ ಸೇದ್ಕಂಡ್ ನಡ್ಕಂಡ್ ಓಗಿ. ಮುದ್ದೆ ಏನು, ಕಾಲ್ನ ಮೆಟ್ಟೂ ಅರಗ್ತದೆ."

ಈಗ ನನಗೇ ಮುದ್ದೆ ಅರಗುವುದಿಲ್ಲ. ಮನೆಯಲ್ಲಿ ಅರಗು ಮಾತ್ರ ಡಬ್ಬಿ ತುಂಬ ಇದೆ.

ಕಣ್ಣು ಕಟ್ಟಿದ್ದು

ಓವರ್‌ಸಿಯರ್ ಮತ್ತೆ ಬಂದರು. ಈ ಸಲ ಬಾಯಿಯ ತುದಿಗೆ ಅರಗು ಮುಟ್ಟಿಸಿರಲಿಲ್ಲ, ಬಟ್ಟಲಿಗೆ ಮಾತ್ರ. ಅವರು ಅದನ್ನು ಕೈಗೇ ತೆಗೆದುಕೊಳ್ಳಲಿಲ್ಲ.

"ಬಣ್ಣಾನೇ ಬೇಡ. ಅರಗು ಹೊಗೆ ರುಚಿ ಕೆಡಿಸುತ್ತೆ. ಎಲ್ಲರಿಗೂ ಬರೀ ಮರದ್ದೇ ಮಾಡಿ."

ಬರೀ ಮರವನ್ನು ಯಾವ ಬಡಗಿಯಾದರೂ ಕೊರೆದು ಕೊಡುತ್ತಾನೆ. ಅರಗು ಬೇಡ ಅಂದರೆ ನಾನೇ ಬೇಡ ಅಂದ ಹಾಗೆ. ಆಮೇಲೆ ಕಬ್ಬು ಕಡಿಯಲು ಹೋಗುವುದೇ.

ಮೆಟ್ಟಿಲ ಮೇಲೆ ಚಿಕ್ಕರಸಿನಕೆರೆಯ ಗೌಡರೊಬ್ಬರು ಮೊಮ್ಮಗನಿಗೆ ಗಿಲಕಿ ಕೊಳ್ಳಲು ಬಂದು, ಚಿಲುಮೆ ಸೇದುತ್ತ ಕೂತಿದ್ದರು. ಅಂಗಡಿ ತುಂಬ ಅವರ ಹೊಗೆ.

"ತಗೀರಿ ಸೋಮಿ, ಕೆಂಪುದ್ರಲ್ಲಿ ಸೇದುದ್ರೇನೇ ಒಗೆ ಸೀ," ಅಂದರು.

"ನಿಮಗೇನ್ರೀ ಗೊತ್ತು ಪೈಪಿನ ವಿಚಾರ?"

"ಒಗೆ ವಿಚಾರ ಗೊತ್ತು ಕಣ್ ಬುಡಿ!"

ಜಗಳ ಏರಿತು. ಹೆಂಡತಿ ಹಗ್ಗ ಬಿಟ್ಟು ಎದ್ದಳು.

"ಕಣ್ ಕಟ್ಕಳಿ ಸೋಮಿ. ನಾಲ್ಗೆ ಯೋಳ್ಲಿ."

ಓವರ್‌ಸಿಯರ್ ನನ್ನ ಹೆಗಲ ಮೇಲಿನ ಟವಲನ್ನೇ ಕಣ್ಣಿಗೆ ಕಟ್ಟಿಕೊಂಡರು. ಅವಳು ಒಳಗೆ ಹೋಗಿ ಬಂದು ಒಂದು ಪೈಪು ಅವರ ಕೈಗಿಟ್ಟಳು. ಓವರ್‌ಸಿಯರ್ ಎಳೆದರು. ಇನ್ನೊಮ್ಮೆ ಎಳೆದರು. ಗೋಡೆಗೆ ಒರಗಿದರು.

"ಆಹಾ! ಇದೇ ಬರೀ ಮರ. ಎಷ್ಟು ತಂಪು! ಗಾಟೇ ಇಲ್ಲ."

"ಅದು ಕೆಂಪುದು ಸೋಮಿ," ಅಂದಳು ಹೆಂಡತಿ.

ಟವಲು ಕಿತ್ತು ನೋಡಿದರು. ಕೆಂಪೇ.

"ಆದ್ರೂ... ತಂಪಾಗಿದೆ," ಅಂದರು.

"ತಂಪಿರ್ದೆ ಇನ್ನೇನು? ಒಗೆಸೊಪ್ಪು ತುಂಬಿವ್ನಿ, ಕೆಂಡ ಇನ್ನೂ ಒಲೇಲೇ ಅದೆ."

ಗೌಡರು ನಕ್ಕು ಕೆಮ್ಮಿ ಚಿಲುಮೆ ಬೀಳಿಸಿಕೊಂಡರು. ನಾನು ಅರಗಿನ ಕಡ್ಡಿ ಹಿಡಿದುಕೊಂಡು ನಿಂತೇ ಇದ್ದೆ. ಓವರ್‌ಸಿಯರ್ ಪೈಪು ತಿರುಗಿಸಿ ತಿರುಗಿಸಿ ನೋಡಿದರು. ಅದೇ ಟವಲಿನಲ್ಲಿ ಮುಖ ಒರೆಸಿಕೊಂಡರು.

"ಆಯ್ತಮ್ಮ. ಎಲ್ಲರಿಗೂ ಕೆಂಪುದೇ ಮಾಡಿಕೊಡಿ."

ಹೆಂಡತಿ ಹಗ್ಗಕ್ಕೆ ಕೈ ಹಾಕಿದಳು.

"ಆಗ್ಲಿ ಸೋಮಿ. ಕೆಂಡ ಇಕ್ಕಿ ಕೊಡಾದಾ, ಇಕ್ದೆ ಕೊಡಾದಾ?"