ಮಾವನವರ ಹುಂಜ

ಮೇಷ್ಟ್ರಾದವನು ತನ್ನ ಮಗಳು ಕೂತಿರುವ ತರಗತಿಯಲ್ಲಿ ಕಾನೂನು ಕಲಿಸಬಾರದು. ಈ ಬುದ್ಧಿ ನನಗೆ ತಡವಾಗಿ ಬಂತು.

ನಮ್ಮ ಶಾಲೆಯಲ್ಲಿ ಶುಕ್ರವಾರದ ಕೊನೆಯ ಪೀರಿಯಡ್ಡು ನನ್ನದು: ಪ್ರಾಣಿಗಳಿಗೆ ಕಾನೂನು ಕೊಡುವ ರಕ್ಷಣೆ. ಮೊನ್ನೆ ಮೇಜು ಗುದ್ದಿ ಸಾರಿದೆ: "ಕತ್ತೆಗೆ ಮಿತಿಮೀರಿ ಹೇರೋದು ಅಪರಾಧ. ಕೋಳಿ ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕೋದೂ ಅಪರಾಧ. ಮಾಡಿದವರು ನಿಮ್ಮಪ್ಪನೇ ಆಗಿರಲಿ, ತಡೆದು ನಿಲ್ಲಿಸಿ." ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಎರಡನೇ ಬೆಂಚಿನ ನಾಲ್ಯಾಕಾ, ನನ್ನ ಮಗಳು. (ಆಗಲೇ ನನಗೆ ಅನುಮಾನ ಬರಬೇಕಿತ್ತು.)

ಮರುದಿನ ಮಾವನವರು ಬರುವವರಿದ್ದರು. ಹೋದ ಸಲ ಅವರು ಬಂದಾಗ ಮನೆಯಲ್ಲಿ ಕೋಳಿ ಇರಲಿಲ್ಲ, ಉಗಾಲಿ ಮುದ್ದೆಯ ಜೊತೆ ಬರೀ ಸೊಪ್ಪು ಬಡಿಸಿದ್ದೆವು. ನಮ್ಮ ಬುಂಗೋಮಾ ಕಡೆ ಹೆಣ್ಣು ಕೊಟ್ಟ ಮಾವನಿಗೆ ಸೊಪ್ಪು ಬಡಿಸುವುದೂ ಒಂದೇ, ಮುಖದ ಮೇಲೆ ಬಾಗಿಲು ಹಾಕುವುದೂ ಒಂದೇ. ಸುದ್ದಿ ಅವರ ಊರೆಲ್ಲ ಹರಡಿತು. ನನ್ನ ಹೆಂಡತಿ ನಫುಲಾ ನಾಚಿಕೆಯಿಂದ ಎಂಟು ತಿಂಗಳು ತವರಿನ ಕಡೆ ತಲೆ ಹಾಕಿರಲಿಲ್ಲ.

"ಹನ್ನೆರಡಕ್ಕೆ ಹುಂಜ ಪಾತ್ರೇಲಿರ್ಬೇಕು," ಎಂದಳು. "ಇಲ್ಲಾಂದ್ರೆ ನೀವೇ ಪಾತ್ರೇಲಿ ಕೂತ್ಕೊಳ್ಳಿ."

ಚ್ವೇಲೆ ಸಂತೆಗೆ ಮಗಳೂ ಬಂದಳು. ಒಂದು ಕೆಂಪು ಹುಂಜ ಕೊಂಡೆ. ನಮ್ಮಪ್ಪ, ಅವರಪ್ಪ ಮಾಡುತ್ತಿದ್ದ ಹಾಗೆ ಕಾಲು ಕಟ್ಟಿ ಸೈಕಲ್ ಹ್ಯಾಂಡಲ್ಲಿಗೆ ನೇತುಹಾಕಿದೆ. ಮಗಳು ಸೈಕಲ್ಲಿಗೆ ಅಡ್ಡ ನಿಂತಳು.

"ಅಪ್ಪ, ಬಿಚ್ಚು."

"ಅರ್ಧ ಗಂಟೆ ದಾರಿ ಕಣೇ, ಅದಕ್ಕೇನೂ ಆಗಲ್ಲ."

"ನಿನ್ನೆ ಮೇಜು ಗುದ್ದಿದ್ದು ಯಾರು?"

ಕೋಳಿ ಮಾರುವ ಹೆಂಗಸರು ನಕ್ಕರು. "ಮಗು ಹೇಳೋದು ಸರಿ ಮೇಷ್ಟ್ರೇ, ಎತ್ಕೊಂಡ್ ಹೋಗಿ," ಎಂದಳೊಬ್ಬಳು, ತನ್ನ ಹತ್ತು ಕೋಳಿಗಳನ್ನು ತಲೆಕೆಳಗಾಗಿ ಹಿಡಿದುಕೊಂಡೇ.

ಬಿಚ್ಚಿದೆ. ಕಂಕುಳಲ್ಲಿ ಹುಂಜ, ಪಕ್ಕದಲ್ಲಿ ಸೈಕಲ್ ತಳ್ಳುತ್ತಾ ಮಗಳು. ಕುಕ್ಕುಟ ಮಹಾಶಯರು ದಾರಿಯಲ್ಲಿ ಎರಡು ಸಲ ಪರಾರಿಯಾದರು. ಎರಡನೇ ಸಲ ಜೋಳದ ಹೊಲದಲ್ಲಿ ಮೊಣಕಾಲೂರಿ ಹಿಡಿದೆ. (ಮೇಷ್ಟ್ರುಗಳ ರಕ್ಷಣೆಗೆ ಯಾವ ಕಾನೂನೂ ಇಲ್ಲ.)

ಮನೆ ಸೇರಿದಾಗ ಎರಡೂವರೆ. ಮಾವನವರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ತಟ್ಟೆಯಂಚಿನಲ್ಲಿ ಸೊಪ್ಪು. ನಫುಲಾ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಮಗಳು ನಡೆದದ್ದನ್ನೆಲ್ಲ ಅಜ್ಜನಿಗೆ ಒಪ್ಪಿಸಿದಳು. ಅವರು ಹುಂಜವನ್ನೂ ನನ್ನ ಮಣ್ಣಾದ ಪ್ಯಾಂಟನ್ನೂ ನೋಡಿದರು.

"ನನಗೋಸ್ಕರ ಇದನ್ನ ಕೂಸಿನ ಥರ ಎತ್ಕೊಂಡ್ ಬಂದ್ರಾ ಅಳಿಯಂದ್ರೇ? ಇನ್ಮೇಲೆ ಸೊಪ್ಪಿನ ಮಾತು ನಮ್ಮೂರಲ್ಲಿ ಯಾರೂ ಎತ್ತಲ್ಲ. ನಫುಲಾ, ಬರೋ ವಾರ ಮನೆಗೆ ಬಾ ತಾಯಿ. ಹುಂಜ ಈಗ ನನ್ ಜೊತೇಲೇ ಬರ್ಲಿ, ಇಡೀ ಊರಿಗೆ ತೋರಿಸ್ತೀನಿ."

ನಫುಲಾಳ ಮುಖ ಅರಳಿತು. ನನಗೆ ಹೋದ ಜೀವ ಬಂತು. ಬಂದವರ ಜೊತೆ ಒಂದಿಷ್ಟು ದೂರ ಹೋಗಿ ಕಳಿಸಿ ಬರುವುದು ನಮ್ಮ ಪದ್ಧತಿ. ಸಂತೋಷದಿಂದಲೇ ಸೈಕಲ್ ಹೊರಗೆ ತಂದೆ. ಮಾವನವರು ಅದರ ಮೇಲೆ ಹತ್ತಿ ಕೂತರು. ನಾನು ಹುಂಜವನ್ನು ಅವರ ಕೈಗೆ ನೀಡಿದೆ.

"ನನಗ್ಯಾಕೆ ಕೊಡ್ತೀರಿ?" ಎಂದರು ಮಾವನವರು. "ನಾನು ಹ್ಯಾಂಡಲ್ ಹಿಡೀಬೇಕು. ಕಾನೂನು ಗೊತ್ತಿರೋರು ನೀವು. ಎತ್ಕೊಂಡು ಹಿಂದೆ ಬನ್ನಿ."

ಅವರ ಊರು ಹದಿನಾಲ್ಕು ಕಿಲೋಮೀಟರ್.

ಬಾಗಿಲಲ್ಲಿ ನಿಂತ ನಫುಲಾ ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಅಕ್ಕರೆಯಿಂದ ಕರೆದಳು, "ರೀ, ಬಿಸಿಲು ಜೋರಾಗಿದೆ. ನಿಮ್ಮ ಟೋಪಿ ಹುಂಜಕ್ಕೆ ಹಾಕಿ."