ನಾನಿಳಿದೆ, ಹೆಂಡತಿ ಏರಿದಳು

ಎತ್ತರ ಎಂದರೆ ನನಗೆ ಭಯವೇ? ಛೆ! ಹಾಸಿಗೆ ಅಂಗಡಿಯ ಮಾರಾಟ ವಿಭಾಗದ ಮುಖ್ಯಸ್ಥ ನಾನು. ಒಂದರ ಮೇಲೊಂದು ಪೇರಿಸಿದ ಹಾಸಿಗೆಗಳ ತುತ್ತತುದಿಗೆ ಏರಿ, ಅಲ್ಲಿಂದಲೇ ಗಿರಾಕಿಗಳಿಗೆ ಭಾಷಣ ಬಿಗಿಯುವ ಧೀರ. ಇಂಥವನಿಗೆ ಒಂದು ಬಂಡೆ ಯಾವ ಲೆಕ್ಕ? ಹತ್ತಿಯೇ ತೀರುತ್ತೇನೆ ಎಂದು ಸೋಫಾದ ಮೇಲೆ ಒರಗಿಕೊಂಡೇ ಘೋಷಿಸಿಬಿಟ್ಟೆ!

ಬಂಡೆಯ ಮಾತು ತೆಗೆದವಳು ಮಗಳು. ಹೈಸ್ಕೂಲು ಹುಡುಗಿ. ಎತ್ತರ, ಅಗಲ, ಹಟ ಮೂರರಲ್ಲೂ ನನ್ನ ಕಡೆಯವಳು. ಶಾಲೆಯೊಳಗೆ ಕಟ್ಟಿಸಿದ ಹತ್ತುವ ಗೋಡೆಯನ್ನು ಏರಿ ಏರಿ ಅದರ ಬಣ್ಣವನ್ನೇ ಸವೆಸಿದ್ದಳು. ಈಗ ಅವಳಿಗೆ ಬಯಲಿನ ನಿಜವಾದ ಬಂಡೆ ಬೇಕಾಗಿತ್ತು. ಆದರೆ ಭಾನುವಾರ ಮಕ್ಕಳನ್ನು ಬಂಡೆ ಹತ್ತಿಸುವ ತಂಡಕ್ಕೆ ಒಂದು ಕಟ್ಟಳೆಯಿತ್ತು. ಮಗು ಮೇಲೆ ಹತ್ತುವಾಗ ಕೆಳಗೆ ಹಗ್ಗ ಹಿಡಿಯುವುದನ್ನು ಮನೆಯವರೊಬ್ಬರು ಕಲಿತು ಪಾಸಾಗಬೇಕು. ಫೇಲಾದರೆ ಮಗುವಿಗೂ ತಂಡದಲ್ಲಿ ಜಾಗವಿಲ್ಲ.

"ಅಮ್ಮ ಒಬ್ಬಳೇ ಬಂದ್ರೆ ಸಾಕು," ಎಂದಳು ಮಗಳು.

"ಯಾಕೆ? ನಾನೇನು ಮಾಡಿದೆ?"

"ಇನ್ನೂ ಏನೂ ಮಾಡಿಲ್ಲ. ಅದಕ್ಕೇ ಹೇಳ್ತಿರೋದು. ಅಪ್ಪ, ಪ್ಲೀಸ್. ನಂಗೆ ಈ ಜಾಗ ಬೇಕೇ ಬೇಕು."

"ಹಗ್ಗ ಹಿಡಿಯೋದೇನು ಮಹಾ! ನಾನು ಬಂಡೆ ನೆತ್ತಿ ಮೇಲೆ ನಿಂತು ನಿಮಗೆಲ್ಲ ಕೈ ಬೀಸ್ತೀನಿ ನೋಡ್ತಿರು!"

ಒಗೆದ ಬಟ್ಟೆ ಮಡಿಸುತ್ತಿದ್ದ ಹೆಂಡತಿ ತಲೆಯನ್ನೂ ಎತ್ತಲಿಲ್ಲ. "ಮೊನ್ನೆ ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿದವರನ್ನ ಇಳಿಸೋಕೆ ಪಕ್ಕದ ಮನೆಯವರು ಬರಬೇಕಾಯ್ತು," ಎಂದಳು.

"ಅದು ಸ್ಟೂಲಿನ ತಪ್ಪು ಕಣೇ! ಒಂದು ಕಾಲು ಗಿಡ್ಡ."

"ಹೌದೌದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ನನ್ನ ಹೆಂಡತಿ ಶಿಶುವಿಹಾರದ ಟೀಚರು. ನನ್ನ ಭುಜಕ್ಕೆ ಬರುತ್ತಾಳೆ, ಅಷ್ಟೇ. ಗಾಳಿ ಜೋರಾಗಿ ಬೀಸಿದರೆ ನಾನು ಅವಳ ಸೆರಗು ಹಿಡಿದು ನಿಲ್ಲುವುದು ಪ್ರೀತಿಯಿಂದಲ್ಲ, ಮುಂಜಾಗ್ರತೆಯಿಂದ! ಆದರೆ ನಾಲಿಗೆಗೆ ಮಾತ್ರ ಆ ತೆಳುವು ಬಂದಿಲ್ಲ.

ಅಂತೂ ಭಾನುವಾರ ಬೆಳಗಾಯಿತು, ಮೂವರೂ ಹೊರಟೆವು. ರಸ್ತೆಯಿಂದ ನೋಡಿದಾಗ ಬಂಡೆ ನಮ್ಮ ಅಂಗಡಿಯ ದಿಂಬಿನಷ್ಟು ಮುದ್ದಾಗಿ ಕಂಡಿತು. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ! ಬುಡಕ್ಕೆ ಹೋಗಿ ತಲೆಯೆತ್ತಿದೆ. ಟೋಪಿ ಬಿತ್ತು. ಬಂಡೆಯ ತುದಿ ಮಾತ್ರ ಕಾಣಲಿಲ್ಲ.

ತರಬೇತಿ ಕೊಡುವಾಕೆಯನ್ನು ಮಕ್ಕಳೆಲ್ಲ 'ಹಲ್ಲಿ ಮೇಡಂ' ಎಂದು ಕರೆಯುತ್ತಿದ್ದರು. ಗೋಡೆ, ಬಂಡೆ, ಕಂಬ ಯಾವುದನ್ನೂ ಬಿಡದೆ ಏರುವ ಹೆಂಗಸು. ಆ ಹೆಸರು ಅವರಿಗೂ ಬಹಳ ಇಷ್ಟವಂತೆ. ನಮಗೆ ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ತಲೆಗೆ ಹೆಲ್ಮೆಟ್ ತೊಡಿಸಿ ಪಾಠ ಶುರು ಮಾಡಿದರು. ಹಗ್ಗದ ಒಂದು ತುದಿ ಹತ್ತುವವನ ಸೊಂಟಕ್ಕೆ. ಅದು ಬಂಡೆಯ ನೆತ್ತಿಯಲ್ಲಿರುವ ಬಳೆಯ ಮೂಲಕ ಹಾದು ಕೆಳಗೆ ನಿಂತವರ ಸೊಂಟದ ಕೊಕ್ಕೆಗೆ ಬರುತ್ತದೆ. ಮೇಲಿನವನು ಜಾರಿದರೆ ಕೆಳಗಿನವರು ಹಗ್ಗ ಬಿಗಿಹಿಡಿದು ನಿಲ್ಲಿಸಬೇಕು. ಒಟ್ಟಿನಲ್ಲಿ ಬಾವಿಯ ರಾಟೆ. ಈ ಸಲ ಕೊಡದ ಜಾಗದಲ್ಲಿ ನಾನು!

"ಗಂಡ ಹತ್ತಲಿ, ಹೆಂಡತಿ ಹಗ್ಗ ಹಿಡೀಲಿ," ಎಂದರು ಹಲ್ಲಿ ಮೇಡಂ. "ಇಬ್ಬರ ತೂಕ ಹೇಳಿ. ವ್ಯತ್ಯಾಸ ಜಾಸ್ತಿ ಇದ್ರೆ ಕೆಳಗಿರೋರನ್ನ ಏನಾದ್ರೂ ಭಾರಕ್ಕೆ ಕಟ್ಟಬೇಕಾಗುತ್ತೆ."

ಸುತ್ತ ನಾಲ್ಕಾರು ಸಂಸಾರಗಳು ನಿಂತಿದ್ದವು. ಮಗಳ ಗೆಳತಿಯರು ಬೇರೆ! ನಾನು ಉಸಿರೆಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿ, "ಎಪ್ಪತ್ತೆರಡು," ಎಂದೆ. ತೊಂಬತ್ತು ದಾಟಿ ಎಷ್ಟೋ ಕಾಲವಾಗಿತ್ತು.

"ಮೇಡಂ, ನೀವು?"

ಬಂಧುಬಳಗದವರಿಂದೆಲ್ಲ 'ಕಡ್ಡಿ, ಕಡ್ಡಿ' ಎನ್ನಿಸಿಕೊಂಡು ರೋಸಿಹೋಗಿದ್ದ ನನ್ನ ಹೆಂಡತಿ, ಬೆಳಗಿನ ಚಳಿಗೆಂದು ತೊಟ್ಟಿದ್ದ ಎರಡು ಸ್ವೆಟರು, ಒಂದು ಜಾಕೆಟ್ಟಿನ ಒಳಗಿಂದ ಗಂಭೀರವಾಗಿ, "ಅರವತ್ತು," ಎಂದಳು. ನಲವತ್ತೈದಕ್ಕೆ ಒಂದು ಗ್ರಾಂ ಹೆಚ್ಚಿಲ್ಲ!

ನಮ್ಮ ಮನೆಯಲ್ಲೊಂದು ಅಲಿಖಿತ ನಿಯಮವಿದೆ. ಒಳಗೆ ಎಷ್ಟೇ ಕಚ್ಚಾಡಲಿ, ನಾಲ್ಕು ಜನರ ಮುಂದೆ ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದುವುದಿಲ್ಲ. ನಮ್ಮ ಸುಖದಾಂಪತ್ಯದ ಗುಟ್ಟೇ ಅದು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಇಬ್ಬರೂ ಸಭ್ಯರಾಗಿ ಸುಮ್ಮನಾದೆವು. ಮಗಳು ಬಾಯಿ ತೆರೆದಳು. ಅವಳಮ್ಮ ಕಣ್ಣು ಕೆಕ್ಕರಿಸಿದ ಮೇಲೆ ಬಾಯಿ ಮುಚ್ಚಿದಳು.

ಹಲ್ಲಿ ಮೇಡಂ ನಮ್ಮಿಬ್ಬರನ್ನೂ ಅನುಮಾನದಿಂದಲೇ ಅಳೆದರು. "ನಂಗೆ ಮೂಳೆ ದಪ್ಪ," ಎಂದೆ. "ನಂಗೆ ಮೂಳೆ ಭಾರ," ಎಂದಳು ನನ್ನವಳು. ಅಷ್ಟರಲ್ಲಿ ಬೇರೆ ಯಾರೋ ಕರೆದರು. "ಸರಿ, ಶುರು ಮಾಡಿ. ಜಾಸ್ತಿ ಎತ್ತರ ಬೇಡ, ನಾನು ನೋಡ್ತಿರ್ತೀನಿ," ಎಂದು ಎರಡು ಹೆಜ್ಜೆ ಆಚೆ ಸರಿದರು.

ಏರಿದೆ! ನಿಜವಾಗಿಯೂ ಏರಿದೆ! ಬಿಗಿ ಬೂಟಿನೊಳಗೆ ಕಾಲ್ಬೆರಳುಗಳು ಒಂದರ ಮೇಲೊಂದು ಕೂತು ಅಳುತ್ತಿದ್ದರೂ ಲೆಕ್ಕಿಸದೆ, ಬಿರುಕಿಗೆ ಕೈ ತುರುಕಿ, ಉಬ್ಬಿಗೆ ಕಾಲಿಟ್ಟು, ಕೆನ್ನೆಯನ್ನು ಬಂಡೆಗೆ ಒತ್ತಿ ಏರಿದೆ. ಎರಡಾಳೆತ್ತರ ಆಗಿತ್ತು. ಕೆಳಗಿನಿಂದ ಮಗಳು ಕೂಗಿದಳು, "ಅಪ್ಪಾ, ಸೂಪರ್!" ಆ ಒಂದು ಮಾತು ಕಿವಿಗೆ ಬಿದ್ದದ್ದೇ ತಡ, ನನ್ನೊಳಗಿನ ವೀರ ಎದ್ದು ಕುಳಿತ.

"ಲೇ, ಹಗ್ಗ ಸಡಿಲ ಬಿಡೇ! ಹಿಂಗೆ ಎಳೆದ್ರೆ ಹೆಂಗೆ ಹತ್ತಲಿ?"

"ಬೇಡ ರೀ, ಬಿಗಿಯಾಗೇ ಇರಲಿ."

"ಬಿಡು ಅಂದ್ರೆ ಬಿಡು! ಹತ್ತುತ್ತಿರೋದು ನೀನಾ, ನಾನಾ?"

ಅವಳು ಬಿಟ್ಟಳು. ನಾನು ಮಗಳ ಕಡೆ ತಿರುಗಿ ಕೈ ಬೀಸಿದೆ.

ಆಮೇಲೆ ನಡೆದದ್ದು ಇಷ್ಟು. ಕಾಲು ಜಾರಿತು. ನಾನು ಸರ್ರನೆ ಕೆಳಗೆ ಹೊರಟೆ. ಅರ್ಧ ದಾರಿಯಲ್ಲಿ ಎದುರಿನಿಂದ ಒಬ್ಬ ಪರಿಚಿತ ಹೆಂಗಸು ಮೇಲಕ್ಕೆ ಬರುತ್ತಿದ್ದಳು. ನನ್ನ ಹೆಂಡತಿ!

"ನೀನೆಲ್ಲಿಗೆ ಹೊರಟೆ?" ಎಂದು ಕಿರುಚಿದೆ.

"ನನ್ನನ್ನೇನು ಕೇಳ್ತೀರಿ? ಕಳಿಸ್ತಿರೋದು ನೀವು!"

ನಾನು ನೆಲ ಮುಟ್ಟಿ ಧೊಪ್ಪನೆ ಕೂತೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದುಕೊಂಡು ಏಳಲು ಹೋದೆ. ಹಲ್ಲಿ ಮೇಡಂ ಓಡಿ ಬಂದು ನನ್ನ ಎರಡೂ ಭುಜ ಅದುಮಿದರು. "ಏಳಬೇಡಿ! ಅಲ್ಲಾಡಬೇಡಿ! ನೀವು ಎದ್ದರೆ ಅವರು ಇಳೀತಾರೆ!"

ತಲೆಯೆತ್ತಿ ನೋಡಿದೆ. ನನ್ನ ಹೆಂಡತಿ ಎರಡಾಳೆತ್ತರದಲ್ಲಿ ಜಾಕೆಟ್ಟು ಉಬ್ಬಿಸಿಕೊಂಡು ತೂಗುತ್ತಿದ್ದಳು. ಹೆಲ್ಮೆಟ್ಟು ಒಂದು ಕಿವಿಗೆ ಇಳಿದಿತ್ತು. ಹಗ್ಗ ಹಿಡಿದ ಕೈ ಮಾತ್ರ ಹಿಡಿದಂತೆಯೇ ಇತ್ತು! ಪುಟಾಣಿಗಳ ಸಾಲನ್ನು ರಸ್ತೆ ದಾಟಿಸುವ ಕೈ ಅದು, ಹಿಡಿದದ್ದನ್ನು ಬಿಟ್ಟು ಗೊತ್ತಿಲ್ಲ. "ಎಲ್ಲರೂ ನಿಂತಲ್ಲೇ ನಿಲ್ಲಿ! ಯಾರೂ ಗಲಾಟೆ ಮಾಡಬಾರದು!" ಎಂದು ಮೇಲಿನಿಂದಲೇ ಗದರಿದಳು. ಬಯಲಿಗೆ ಬಯಲೇ ಬಾಯಿ ಮೇಲೆ ಬೆರಳಿಟ್ಟು ನಿಂತಿತು.

ಹಲ್ಲಿ ಮೇಡಂ ಕೆಳಗಿನಿಂದ ಹೇಳಿಕೊಟ್ಟಂತೆ ಕೊಕ್ಕೆಯಲ್ಲಿ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಅವಳು ಮಹಾರಾಣಿಯ ಹಾಗೆ ಇಳಿದು ಬಂದಳು. ಚಪ್ಪಾಳೆಯೋ ಚಪ್ಪಾಳೆ!

ಹಲ್ಲಿ ಮೇಡಂ ಚಪ್ಪಾಳೆ ತಟ್ಟಲಿಲ್ಲ. "ಎಪ್ಪತ್ತೆರಡು, ಅರವತ್ತು. ಅಲ್ವಾ? ಹಗ್ಗದ ಹತ್ರ ಸುಳ್ಳು ಹೇಳೋರನ್ನ ನಾನು ಪಾಸ್ ಮಾಡಲ್ಲ. ಇವತ್ತು ನಿಮ್ಮ ಮಗಳನ್ನ ಹತ್ತಿಸೋಕಾಗಲ್ಲ."

ಮಗಳು ಹೆಲ್ಮೆಟ್ಟಿನ ಪಟ್ಟಿ ಬಿಚ್ಚತೊಡಗಿದಳು. ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಪಟ್ಟಿ ಬಿಚ್ಚುವುದನ್ನು ಮಾತ್ರ ನೋಡಲಾಗಲಿಲ್ಲ. ಮಾನ ಹೋದರೆ ಹೋಗಲಿ, ಹುಡುಗಿಯ ಬಂಡೆ ಹೋಗಬಾರದು!

"ಮೇಡಂ!" ಎಂದು ಇಡೀ ಬಯಲಿಗೆ ಕೇಳುವಂತೆ ಕೂಗಿದೆ. "ನನ್ನ ತೂಕ ತೊಂಬತ್ತೆರಡು!"

"ತೊಂಬತ್ತಾರು," ಎಂದಳು ಹೆಂಡತಿ.

ಮದುವೆಯಾದಾಗಿನಿಂದ ಮುರಿಯದ ನಿಯಮ ಮುರಿದು ಬಿತ್ತು! ನಾನೂ ಬಿಡಲಿಲ್ಲ. "ಇವಳದು ನಲವತ್ತೈದು! ಅದೂ ಊಟ ಆದ ಮೇಲೆ!"

"ಅವರು ಹೊಟ್ಟೆ ಒಳಗೆಳ್ಕೊಂಡಿದ್ರು ಮೇಡಂ!"

"ಇವಳು ಎರಡೆರಡು ಸ್ವೆಟರ್ ಹಾಕ್ಕೊಂಡಿದಾಳೆ ಮೇಡಂ!"

"ತಪ್ಪು ನಮ್ದು, ಮಗು ಏನೂ ಮಾಡಿಲ್ಲ," ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು.

ಹಲ್ಲಿ ಮೇಡಂ ಮುಖ ಬಿಗಿಹಿಡಿದು ನಿಲ್ಲಲು ಬಹಳ ಪ್ರಯತ್ನಪಟ್ಟರು. ಆಗಲಿಲ್ಲ. ನಕ್ಕುಬಿಟ್ಟರು. "ಹಾರಿಹೋದ್ರೂ ಹಗ್ಗ ಬಿಡದೇ ಇರೋ ಹೊಸಬರನ್ನ ನಾನು ನೋಡೇ ಇಲ್ಲ," ಎಂದು ಹೆಂಡತಿಯ ಬೆನ್ನು ತಟ್ಟಿದರು. "ನೀವು ಪಾಸ್. ಆದ್ರೆ ಮಗಳು ನಿಮಗಿಂತ ಭಾರ. ನಿಮ್ಮನ್ನ ಯಾವುದಕ್ಕಾದ್ರೂ ಕಟ್ಟಬೇಕಲ್ಲ. ಮರಳಿನ ಚೀಲ ಆ ಕಡೆ ತಂಡದ ಹತ್ರ ಇದೆ. ಇಲ್ಲಿ ಒಂದು ಮರಾನೂ ಇಲ್ಲ..."

ಅವರ ಕಣ್ಣು ಬಯಲೆಲ್ಲ ಸುತ್ತಾಡಿ, ಕೊನೆಗೆ ನನ್ನ ಮೇಲೆ ಬಂದು ನಿಂತಿತು. ಹೆಂಡತಿಯ ಕಣ್ಣೂ ಬಂತು. ಮಗಳ ಕಣ್ಣೂ ಬಂತು.

ನನ್ನನ್ನು ಹೆಂಡತಿಯ ಹಿಂದೆ ನೆಲದ ಮೇಲೆ ಕೂರಿಸಿ, ಅವಳ ಸೊಂಟದಿಂದ ನನ್ನ ಸೊಂಟಕ್ಕೆ ಗಟ್ಟಿ ಪಟ್ಟಿಯೊಂದನ್ನು ಬಿಗಿದರು. ಹಲ್ಲಿ ಮೇಡಂ ಎರಡು ಸಲ ಜಗ್ಗಿ ನೋಡಿ, "ಅದ್ಭುತ! ಅಲ್ಲಾಡ್ತಾನೇ ಇಲ್ಲ!" ಎಂದು ಉದ್ಗರಿಸಿದರು. ಇಷ್ಟು ಮನಃಪೂರ್ವಕವಾದ ಮೆಚ್ಚುಗೆ ನನಗೆ ಅಂಗಡಿಯಲ್ಲೂ ಸಿಕ್ಕಿರಲಿಲ್ಲ.

ಮಗಳು ಹತ್ತಿದಳು. ಅವಸರವಿಲ್ಲ, ಆರ್ಭಟವಿಲ್ಲ. ನಾನು ಕೈ ಬೀಸಿ ಜಾರಿದ ಜಾಗದಲ್ಲಿ ಒಂದು ಕ್ಷಣ ನಿಂತು, ಬೆರಳಿನಿಂದ ಬಿರುಕನ್ನು ತಡಕಿ, ದಾಟಿಯೇ ಬಿಟ್ಟಳು. ಒಮ್ಮೆ ಕಾಲು ತಪ್ಪಿತು. ಹಗ್ಗ ಬಿಗಿಯಿತು, ಹೆಂಡತಿ ತುದಿಗಾಲ ಮೇಲೆ ಎದ್ದಳು, ನನ್ನ ಸೊಂಟದ ಪಟ್ಟಿ ಚುರ್ರೆಂದಿತು. ನಾನು ಭೂಮಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತೆ. ಮೂವರಲ್ಲಿ ಯಾರೂ ಬೀಳಲಿಲ್ಲ. ಮಗಳು ಮತ್ತೆ ಹಿಡಿತ ಹುಡುಕಿ ಏರುತ್ತಾ ಏರುತ್ತಾ ನೆತ್ತಿ ಮುಟ್ಟಿದಳು!

"ಅಮ್ಮಾ! ಅಪ್ಪಾ! ನೋಡಿ!"

ನೋಡಿದೆ. ಕಣ್ಣಲ್ಲಿ ನೀರು ತುಂಬಿದ್ದರಿಂದ ಸರಿಯಾಗಿ ಕಾಣಲಿಲ್ಲ. ಹೆಂಡತಿಯದೂ ಅದೇ ಕಥೆ ಇರಬೇಕು, ಹಗ್ಗ ಬಿಡದೆ ಭುಜಕ್ಕೇ ಮೂಗು ಒರೆಸಿಕೊಂಡಳು. ನಮ್ಮ ಸಂಸಾರ ಬಂಡೆಯನ್ನು ಗೆದ್ದಿತ್ತು! ಅದರಲ್ಲಿ ನನ್ನ ಪಾಲೂ ತೊಂಬತ್ತಾರು ಕಿಲೋದಷ್ಟು ಇತ್ತಲ್ಲವೇ ಎಂದು ಎದೆಯುಬ್ಬಿಸಿದೆ.

ಅಷ್ಟರಲ್ಲಿ ಆಚೆ ತಂಡದ ಹೆಂಗಸೊಬ್ಬರು ಹತ್ತಿರ ಬಂದರು. ಅಭಿನಂದಿಸಲು ಬಂದಿದ್ದಾರೆಂದು ನಾನು ವಿನಯದ ನಗೆ ತೊಟ್ಟು ಸಿದ್ಧನಾದೆ. ಅವರು ನನ್ನ ಕಡೆ ತಿರುಗಿಯೂ ನೋಡದೆ ಹೆಂಡತಿಯನ್ನು ಕೇಳಿದರು:

"ರೀ, ನಿಮ್ಮದು ಮುಗಿದ ಮೇಲೆ ಇವರನ್ನ ಸ್ವಲ್ಪ ಹೊತ್ತು ನಮಗೆ ಕೊಡ್ತೀರಾ? ನಮ್ಮ ಚೀಲ ಯಾಕೋ ಸಾಲ್ತಾ ಇಲ್ಲ."

"ಅಯ್ಯೋ, ಧಾರಾಳವಾಗಿ ತಗೊಂಡು ಹೋಗಿ," ಎಂದಳು ನನ್ನ ಹೆಂಡತಿ. "ಇಬ್ಬರು ಬನ್ನಿ ಮತ್ತೆ. ಒಬ್ಬರ ಕೈಲಿ ಏಳಲ್ಲ."